ಬಿಡುಗಡೆ ಬರುತ್ತದೆಂದು ಗೊತ್ತಿರಲಿಲ್ಲ

ಕೇಳುಗರಿಗೆ ನಮಸ್ಕಾರ.

1949ನೇ ಇಸವಿ, ಕೊರಿಯಾದ ಸೋಲ್ ನಗರದ ಒಂದು ನ್ಯಾಯಾಲಯ. ಕಟಕಟೆಯಲ್ಲಿ ನಿಂತವನು ಹಿಂದೊಮ್ಮೆ ಕ್ರಾಂತಿಕಾರಿಯಾಗಿದ್ದವನು. ಜಪಾನೀಯರ ಕಾಲದಲ್ಲಿ ತನ್ನ ಸಂಗಾತಿಗಳನ್ನೇ ಹಿಡಿದುಕೊಟ್ಟ ಎಂಬುದು ಅವನ ಮೇಲಿರುವ ಆರೋಪ. ಅವನು ಅಂಗಿ ಬಿಚ್ಚಿ, ಮೈಮೇಲಿನ ಗುಂಡೇಟಿನ ಕಲೆಗಳನ್ನು ತೋರಿಸಿ ಅಬ್ಬರಿಸುತ್ತಾನೆ. ದೇಶಕ್ಕಾಗಿ ಇಷ್ಟು ಪೆಟ್ಟು ತಿಂದವನನ್ನು ದ್ರೋಹಿ ಎನ್ನುತ್ತೀರಾ ಎಂಬ ಧಾಟಿ. ಆರೋಪ ಸಾಬೀತಾಗುವುದಿಲ್ಲ, ಅವನು ಕೈಬೀಸಿಕೊಂಡು ಹೊರಗೆ ಬರುತ್ತಾನೆ. ಹೊರಗೆ ಹಳೆಯ ಸಂಗಾತಿಯೊಬ್ಬಳು ಅಡ್ಡಗಟ್ಟಿ, ಯಾಕೆ ಹಾಗೆ ಮಾಡಿದೆ ಎಂದು ಕೇಳುತ್ತಾಳೆ. ಅವನು ಕೊಡುವ ಉತ್ತರ ಇಷ್ಟೇ: ದೇಶಕ್ಕೆ ಬಿಡುಗಡೆ ಬರುತ್ತದೆಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಮಾಡುತ್ತಿದ್ದೆನೇ?

ಅವನ ದನಿಯಲ್ಲಿ ಪಶ್ಚಾತ್ತಾಪ ಹುಡುಕಬೇಡಿ. ತಪ್ಪು ಸರಕಿಗೆ ಬಂಡವಾಳ ಹಾಕಿ ಕೈಸುಟ್ಟುಕೊಂಡ ವ್ಯಾಪಾರಿಯ ಸಿಡುಕು ಅದು.

ಕಥೆಯ ಕೊನೆಯನ್ನು ಮೊದಲೇ ಹೇಳಿಬಿಟ್ಟೆ, ಕ್ಷಮಿಸಿ. ಚಿತ್ರ 2015ರದು, ನಿರ್ದೇಶಕ ಚೊಯ್ ದೊಂಗ್-ಹೂನ್. ಹೆಸರು 'ಅಮ್ಸಾಲ್', ಅಂದರೆ ಗುಟ್ಟಾಗಿ ಮಾಡುವ ಕೊಲೆ. ಸುಮಾರು 5 ಕೋಟಿ ಜನರಿರುವ ದಕ್ಷಿಣ ಕೊರಿಯಾದಲ್ಲಿ ಈ ಚಿತ್ರಕ್ಕೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಟಿಕೆಟ್‌ಗಳು ಮಾರಾಟವಾದವು. ಅಷ್ಟು ಜನ ಕತ್ತಲಲ್ಲಿ ಕುಳಿತು ಆ ಉತ್ತರವನ್ನು ಕೇಳಿಸಿಕೊಂಡರು.

ಜಪಾನ್ ಕೊರಿಯಾವನ್ನು 1910ರ ಆಗಸ್ಟ್‌ನಲ್ಲಿ ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿತು. 1945ರ ಆಗಸ್ಟ್ 15ರಂದು ಆ ಆಳ್ವಿಕೆ ಮುಗಿಯಿತು. ತಾರೀಕು ನಮ್ಮದೇ, ವರ್ಷ ಮಾತ್ರ ಎರಡು ಹಿಂದಿನದು. 35 ವರ್ಷ ಎಂದರೆ ಒಂದು ಮಗು ಹುಟ್ಟಿ, ಶಾಲೆಗೆ ಹೋಗಿ, ಕೆಲಸ ಹಿಡಿದು, ಮದುವೆಯಾಗಿ, ತನ್ನ ಮಕ್ಕಳನ್ನು ಅದೇ ಶಾಲೆಗೆ ಸೇರಿಸುವಷ್ಟು ಕಾಲ. ನಡುವಿನ ಯಾವ ವರ್ಷದಲ್ಲೂ ಇದು 1945ಕ್ಕೆ ಮುಗಿಯುತ್ತದೆ ಎಂದು ಗೋಡೆಯ ಮೇಲೆ ಬರೆದಿರಲಿಲ್ಲ. ಸಿನಿಮಾ ನೋಡುವ ನಮಗೆ ಅದು ಗೊತ್ತು, ಪರದೆಯ ಮೇಲಿರುವವರಿಗೆ ಗೊತ್ತಿಲ್ಲ. ಈ ಅಂತರದಲ್ಲೇ ಒಳ್ಳೆಯ ಕೊರಿಯನ್ ಚಿತ್ರಗಳು ತಮ್ಮ ಕಥೆಯನ್ನು ಕಟ್ಟುತ್ತವೆ.

ಈ ಚಿತ್ರಗಳಲ್ಲಿ ಖಳ ಯಾರು ಎಂದರೆ ಜಪಾನಿ ಅಧಿಕಾರಿ ಎಂದು ಥಟ್ಟನೆ ಹೇಳಿಬಿಡಬಹುದು. ಅವನು ಇದ್ದೇ ಇರುತ್ತಾನೆ: ಬಿಗಿದ ಸಮವಸ್ತ್ರ, ಹೊಳೆಯುವ ಬೂಟು, ಮಾತುಮಾತಿಗೆ ಸೊಂಟದ ಕತ್ತಿಗೆ ಹೋಗುವ ಕೈ. ನಮ್ಮ ಹಳೆಯ ಚಿತ್ರಗಳ ಬ್ರಿಟಿಷ್ ಕಲೆಕ್ಟರನ ಹಾಗೆ ಅವನೂ ಬಹುಮಟ್ಟಿಗೆ ರಟ್ಟಿನ ಗೊಂಬೆ. ಕ್ಯಾಮೆರಾ ಅವನ ಮುಖದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದು ನಿಲ್ಲುವುದು ಅವನ ಪಕ್ಕದಲ್ಲಿ ಟೊಪ್ಪಿ ಕೈಯಲ್ಲಿ ಹಿಡಿದು ನಿಂತ ಕೊರಿಯನ್‌ನ ಮೇಲೆ. ಕೊಡಲಿ ಕಾವು ಕುಲಕ್ಕೆ ಸಾವು ಎನ್ನುತ್ತೇವಲ್ಲ, ಆ ಕಾವನ್ನೇ ಈ ನಿರ್ದೇಶಕರು ಮತ್ತೆ ಮತ್ತೆ ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ.

2016ರಲ್ಲಿ ಬಂದ ಕಿಮ್ ಜಿ-ಉನ್ ಅವರ 'ಮಿಲ್‌ಜೊಂಗ್' ಇಡೀ ಚಿತ್ರವೇ ಅಂಥ ಒಬ್ಬನದು. ಮಿಲ್‌ಜೊಂಗ್ ಎಂದರೆ ಗುಪ್ತಚರ. ನಟ ಸಾಂಗ್ ಕಾಂಗ್-ಹೋ ಇಲ್ಲಿ ಜಪಾನಿ ಪೊಲೀಸರ ಕೈಕೆಳಗೆ ದುಡಿಯುವ ಕೊರಿಯನ್ ಅಧಿಕಾರಿ. ಚಿತ್ರದ ಮೊದಲಲ್ಲೇ, ತಪ್ಪಿಸಿಕೊಂಡು ಓಡುತ್ತಿರುವ ಕ್ರಾಂತಿಕಾರಿಯೊಬ್ಬ ಹೆಂಚಿನ ಮಾಡುಗಳ ಮೇಲೆ ಹಾರುತ್ತಾ ಹೋಗಿ ಸಿಕ್ಕಿಬೀಳುತ್ತಾನೆ. ಅವನು ಈ ಅಧಿಕಾರಿಯ ಹಳೆಯ ಗೆಳೆಯ. ಶರಣಾಗು, ಬದುಕಿಸುತ್ತೇನೆ ಎಂದು ಇವನು ಬೇಡಿಕೊಳ್ಳುತ್ತಾನೆ. ಅವನು ತನಗೆ ತಾನೇ ಗುಂಡು ಹೊಡೆದುಕೊಳ್ಳುತ್ತಾನೆ. ಆಮೇಲೆ ಸಾಂಗ್ ಕಾಂಗ್-ಹೋ ಮುಖದಲ್ಲಿ ಉಳಿಯುವ ಪೆಚ್ಚುತನ ಇಡೀ ಚಿತ್ರದುದ್ದಕ್ಕೂ ಅಳಿಸಿಹೋಗುವುದಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟ ಇವನು ಯಾವ ಕಡೆ ವಾಲುತ್ತಾನೆ ಎಂಬುದು ಅವನಿಗೂ ತಿಳಿಯದು. ಇದರ ಹಿಂದಿರುವುದು 1923ರ ನಿಜ ಘಟನೆ. ಹ್ವಾಂಗ್ ಓಕ್ ಎಂಬ ಕೊರಿಯನ್ ಪೊಲೀಸ್ ಅಧಿಕಾರಿ, ಬಾಂಬುಗಳನ್ನು ದೇಶದೊಳಗೆ ಸಾಗಿಸುವ ಕ್ರಾಂತಿಕಾರಿಗಳ ಸಂಚಿನಲ್ಲಿ ಸಿಕ್ಕಿಬಿದ್ದ. ಅವನು ಕ್ರಾಂತಿಕಾರಿಗಳ ಕಡೆಯವನೋ, ಪೊಲೀಸರು ಒಳಗೆ ಬಿಟ್ಟವನೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ದ್ರೋಹಿಯ ಮೇಲೆ ಇಷ್ಟೊಂದು ಗಮನ ಯಾಕೆ? ಯಾಕೆಂದರೆ ಆ ಲೆಕ್ಕ ನಿಜ ಜೀವನದಲ್ಲಿ ಚುಕ್ತಾ ಆಗಲೇ ಇಲ್ಲ. ಜಪಾನೀಯರೊಡನೆ ಸಹಕರಿಸಿದವರನ್ನು ವಿಚಾರಣೆ ಮಾಡಲು 1948ರಲ್ಲಿ ದಕ್ಷಿಣ ಕೊರಿಯಾದ ಸಂಸತ್ತು ಒಂದು ವಿಶೇಷ ಸಮಿತಿ ರಚಿಸಿತು. 1949ರ ಜೂನ್ 6ರಂದು ಪೊಲೀಸರೇ ಆ ಸಮಿತಿಯ ಕಚೇರಿಗೆ ನುಗ್ಗಿದರು. ಆ ಪೊಲೀಸ್ ಪಡೆಯಲ್ಲಿ ಜಪಾನೀಯರ ಕಾಲದಲ್ಲಿ ಲಾಠಿ ಹಿಡಿದವರು ಬೇಕಾದಷ್ಟು ಮಂದಿ ಇದ್ದರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಮಿತಿ ಅದೇ ವರ್ಷ ಮುಚ್ಚಿಹೋಯಿತು. ಸಹಕರಿಸಿದವರ ಹೆಸರುಗಳನ್ನು ಸಂಶೋಧಕರು ಒಟ್ಟುಗೂಡಿಸಿ ಕೋಶವೊಂದನ್ನು ಪ್ರಕಟಿಸಿದ್ದು 2009ರಲ್ಲಿ, 4,389 ಹೆಸರು. 'ಅಮ್ಸಾಲ್' ಚಿತ್ರದ ಆ ದ್ರೋಹಿಗೆ ನ್ಯಾಯಾಲಯ ಕೊಡದ ಶಿಕ್ಷೆಯನ್ನು ಸಂಗಾತಿಯ ಪಿಸ್ತೂಲು ಕೊಡುವಾಗ ಚಿತ್ರಮಂದಿರಗಳಲ್ಲಿ ಚಪ್ಪಾಳೆ ಬಿದ್ದಿದ್ದರೆ ಆಶ್ಚರ್ಯವಿಲ್ಲ.

ಸಿನಿಮಾದವರೂ ಇದರಿಂದ ಹೊರಗಿರಲಿಲ್ಲ. ಚೊಯ್ ಇನ್-ಗ್ಯೂ ಎಂಬ ನಿರ್ದೇಶಕರು ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಜಪಾನಿನ ಸೇನೆಯನ್ನು ಹಾಡಿಹೊಗಳುವ ಚಿತ್ರಗಳನ್ನು ತೆಗೆದರು. 1946ರಲ್ಲಿ ಅವರೇ 'ಸ್ವಾತಂತ್ರ್ಯಕ್ಕೆ ಜಯ' ಎಂಬರ್ಥದ ಹೆಸರಿನ ಚಿತ್ರ ತೆಗೆದರು, ಸೆರೆಮನೆಯಿಂದ ತಪ್ಪಿಸಿಕೊಂಡ ಹೋರಾಟಗಾರನ ಕಥೆ. ದೇಶ ಬಿಡುಗಡೆಯಾದ ಮೇಲೆ ಸ್ವಾತಂತ್ರ್ಯ ಹೋರಾಟವನ್ನು ಪರದೆಗೆ ತಂದ ಮೊದಮೊದಲ ಚಿತ್ರಗಳಲ್ಲಿ ಅದೊಂದು. ಒಂದೇ ಕೈ, ನಡುವೆ ಒಂದೇ ವರ್ಷ. ಗಾಳಿ ಬಂದಾಗ ತೂರಿಕೊಂಡರು ಎಂದು ಮೂದಲಿಸುವುದು ಸುಲಭ. ಆ ಮೂದಲಿಕೆ ಹೊರಡುವ ಮುನ್ನ ನನ್ನ ನಾಲಗೆ ಸ್ವಲ್ಪ ತಡೆಯುತ್ತದೆ.

ಇನ್ನು, ಪರದೆಯ ಕೆಳಗೆ ಓಡುವ ಅಕ್ಷರಗಳನ್ನು ನಂಬಿ ಈ ಚಿತ್ರಗಳನ್ನು ನೋಡುವ ನಮ್ಮಂಥವರಿಗೆ ಒಂದು ದೊಡ್ಡ ನಷ್ಟವಾಗುತ್ತದೆ. ಯಾರು ಯಾವ ಭಾಷೆಯಲ್ಲಿ ಮಾತನಾಡುತ್ತಿದ್ದಾರೆ ಎಂಬುದೇ ಗೊತ್ತಾಗುವುದಿಲ್ಲ. 'ಮಿಲ್‌ಜೊಂಗ್'ನ ಅಧಿಕಾರಿ ಮೇಲಧಿಕಾರಿಯೊಡನೆ ಜಪಾನಿಯಲ್ಲಿ ಬಾಗುತ್ತಾನೆ, ಕೈದಿಯೊಡನೆ ಕೊರಿಯನ್‌ನಲ್ಲಿ ಗದರುತ್ತಾನೆ. ಉಪಶೀರ್ಷಿಕೆ ಎರಡನ್ನೂ ಒಂದೇ ಬಣ್ಣದಲ್ಲಿ ಬರೆದು ಮುಂದೆ ಹೋಗುತ್ತದೆ. ರೇಡಿಯೊ ಕೇಳುವ ಕಿವಿ ನಿಮ್ಮದು, ಒಂದು ಉಪಾಯ ಹೇಳುತ್ತೇನೆ. ವಾಕ್ಯ 'ನಿದಾ' ಎಂದೋ 'ಯೊ' ಎಂದೋ ಮುಗಿದರೆ ಅದು ಬಹುಮಟ್ಟಿಗೆ ಕೊರಿಯನ್. 'ದೆಸ್', 'ಮಸ್' ಎಂದು ಮುಗಿದರೆ ಜಪಾನಿ. ಇಷ್ಟನ್ನು ಹಿಡಿದುಕೊಂಡು ಇನ್ನೊಮ್ಮೆ ನೋಡಿ. ಯಾರು ಯಾರ ಮುಂದೆ ಯಾವಾಗ ನಾಲಗೆ ಬದಲಿಸುತ್ತಾರೆ ಎಂಬುದರಲ್ಲೇ ಅರ್ಧ ಕಥೆ ಇದೆ.

ಪಾರ್ಕ್ ಚಾನ್-ವೂಕ್ ಅವರ 'ಆಗಾಸ್ಸಿ'ಯಲ್ಲಿ, ಇದೂ 2016ರದೇ, ಕೊರಿಯಾದಲ್ಲಿ ಹುಟ್ಟಿ ಜಪಾನಿಯಾಗಿಬಿಟ್ಟ ಶ್ರೀಮಂತನೊಬ್ಬನಿದ್ದಾನೆ. ಕೊರಿಯಾ ಕುರೂಪಿ, ಜಪಾನ್ ಸುಂದರ ಎಂದು ನೇರವಾಗಿಯೇ ಹೇಳುತ್ತಾನೆ. ಅವನ ಮನೆಯ ಒಂದು ಪಾರ್ಶ್ವ ಇಂಗ್ಲಿಷ್ ಬಂಗಲೆ, ಇನ್ನೊಂದು ಜಪಾನಿ ಮನೆ, ಕೊರಿಯನ್ ಶೈಲಿಗೆ ಅಲ್ಲಿ ಜಾಗವಿಲ್ಲ. ಕೆಲಸಕ್ಕೆ ಸೇರಿದ ಕೊರಿಯನ್ ಹುಡುಗಿಗೆ ಮೊದಲ ದಿನವೇ ಜಪಾನಿ ಹೆಸರಿಡುತ್ತಾರೆ. ಯಾರೂ ಕಿರುಚುವುದಿಲ್ಲ, ಹೊಡೆಯುವುದಿಲ್ಲ. ಹೊಸ ಹೆಸರು, ಹೊಸ ಹಾಸಿಗೆ, ಅಷ್ಟೇ. ನನ್ನನ್ನು ಕೇಳಿದರೆ ಹತ್ತು ಚಾಟಿಯೇಟಿನ ದೃಶ್ಯಗಳಿಗಿಂತ ಇದು ಹೆಚ್ಚು ನೋಯಿಸುತ್ತದೆ.

ಹೆಸರು ಬದಲಿಸುವ ಕಾನೂನು 1940ರಲ್ಲಿ ಬಂತು. ಸುಮಾರು ಶೇಕಡ 80ರಷ್ಟು ಕುಟುಂಬಗಳು ಜಪಾನಿ ಮಾದರಿಯ ಮನೆತನದ ಹೆಸರನ್ನು ನೋಂದಾಯಿಸಿದವು. ಮನಸ್ಸಿದ್ದರೆ ಮಾತ್ರ ಬದಲಿಸಿ ಎಂದು ಕಾಗದದಲ್ಲಿತ್ತು. ಮಗನಿಗೆ ಶಾಲೆ ಬೇಕಾದಾಗ, ಮನೆಗೆ ಪಡಿತರ ಬೇಕಾದಾಗ ಆ ಮನಸ್ಸು ತಾನಾಗಿ ಬರುತ್ತಿತ್ತು. ಯುನ್ ದೊಂಗ್-ಜು ಎಂಬ ಯುವಕವಿ ಜಪಾನಿನಲ್ಲಿ ಓದುವ ಸಲುವಾಗಿ 1942ರಲ್ಲಿ ಹಾಗೆ ಹೆಸರು ಬದಲಿಸಿಕೊಂಡರು. ಅದಕ್ಕೆ ಕೆಲವೇ ದಿನ ಮುಂಚೆ ತಪ್ಪೊಪ್ಪಿಗೆಯ ಒಂದು ಕವಿತೆ ಬರೆದರು. 1945ರ ಫೆಬ್ರುವರಿಯಲ್ಲಿ, ಬಿಡುಗಡೆಗೆ ಆರು ತಿಂಗಳು ಉಳಿದಿರುವಾಗ, ಫುಕುವೋಕಾ ಸೆರೆಮನೆಯಲ್ಲಿ 27ನೇ ವಯಸ್ಸಿಗೆ ತೀರಿಕೊಂಡರು. ಲೀ ಜುನ್-ಇಕ್ ಅವರ ಕಪ್ಪುಬಿಳುಪಿನ 'ದೊಂಗ್-ಜು' ಅವರ ಕಥೆ. ಕೊನೆಗೆ ಪೊಲೀಸ್ ಅಧಿಕಾರಿ ಆರೋಪಗಳ ಪಟ್ಟಿ ಮುಂದಿಟ್ಟು ಸಹಿ ಕೇಳುತ್ತಾನೆ. ಕವಿಯ ಜೊತೆಗೇ ಸೆರೆಯಾದ ಸೋದರ ಸಂಬಂಧಿ, ಇದರಲ್ಲಿ ಬರೆದಿರುವುದನ್ನೆಲ್ಲ ನಿಜವಾಗಿಯೂ ಮಾಡಲಾಗಲಿಲ್ಲವಲ್ಲ ಎಂದು ಅಳುತ್ತಾ ಸಹಿ ಹಾಕುತ್ತಾನೆ. ಕವಿ ಹಾಕುವುದಿಲ್ಲ. ಇಂಥ ಕಾಲದಲ್ಲಿ ಕವಿತೆ ಬರೆಯುತ್ತಾ ಕುಳಿತೆನೆಂದು ನಾಚಿಕೆಯಾಗುತ್ತದೆ ಎನ್ನುತ್ತಾನೆ. ಒಂದೇ ಕಾಗದ, ಒಂದೇ ಲೇಖನಿ, ಅವಮಾನ ಮಾತ್ರ ಎರಡು ಬಗೆಯದು.

ಭಾಷೆಯ ಸಂಕಟವನ್ನೇ ನಗಿಸುತ್ತಾ ಹೇಳಿದ ಚಿತ್ರ 2019ರ 'ಮಾಲ್‌ಮೊಯ್'. ಪದಗಳ ಸಂಗ್ರಹ ಎಂದರ್ಥ, ಮೊದಲ ಕೊರಿಯನ್ ನಿಘಂಟಿನ ಹಸ್ತಪ್ರತಿಗೆ ಇಟ್ಟಿದ್ದ ಹೆಸರದು. ಓದುಬರಹ ಬಾರದ, ಕಿಸೆಗೆ ಕೈಹಾಕುವ ಒಬ್ಬ ಕಳ್ಳ ನಿಘಂಟು ತಯಾರಿಸುವ ಸಂಘದಲ್ಲಿ ಕೆಲಸಕ್ಕೆ ಸೇರುತ್ತಾನೆ. ಕದ್ದುಮುಚ್ಚಿ ನಡೆಯುವ ಕೆಲಸ, ಬೇರೆ ಬೇರೆ ಸೀಮೆಯ ಆಡುಮಾತು ಬೇಕು, ತಿರುಗಾಡಿ ಕಲೆಹಾಕಲು ಸಾಧ್ಯವಿಲ್ಲ. ಇವನು ತನ್ನ ಹಳೆಯ ಜೈಲಿನ ಗೆಳೆಯರನ್ನು ಕರೆತಂದು ಸಾಲಾಗಿ ಕೂರಿಸುತ್ತಾನೆ. ಸೀಮೆಗೊಬ್ಬ ಕಳ್ಳ! ಅವರು ತಮ್ಮ ತಮ್ಮ ಊರಿನ ಮಾತು ಹೇಳುತ್ತಾ ಹೋದಂತೆ ಪಂಡಿತರು ಆತುರಾತುರವಾಗಿ ಬರೆದುಕೊಳ್ಳುತ್ತಾರೆ. ಅಕ್ಷರ ಕಲಿತ ಮೇಲೆ ಅವನು ಬೀದಿಯಲ್ಲಿ ಅಂಗಡಿಗಳ ಫಲಕಗಳನ್ನು ಒಂದೊಂದಾಗಿ ಓದುವ ದೃಶ್ಯದಲ್ಲಿ ನನಗೆ ಗಂಟಲು ಕಟ್ಟಿತು ಎಂದು ಒಪ್ಪಿಕೊಳ್ಳುತ್ತೇನೆ.

ಕಳ್ಳ ಕಲ್ಪನೆಯವನು, ನಿಘಂಟು ನಿಜ. 1942ರಲ್ಲಿ ಕೊರಿಯನ್ ಭಾಷಾ ಸಂಘದ ವಿದ್ವಾಂಸರನ್ನು ಹಿಡಿದು ಒಳಗೆ ಹಾಕಿದರು. ಇಬ್ಬರು ಸೆರೆಯಲ್ಲೇ ತೀರಿಕೊಂಡರು. ವಶಪಡಿಸಿಕೊಂಡಿದ್ದ ಹಸ್ತಪ್ರತಿ, 26 ಸಾವಿರಕ್ಕೂ ಹೆಚ್ಚು ಹಾಳೆಗಳು, 1945ರ ಸೆಪ್ಟೆಂಬರ್‌ನಲ್ಲಿ ಸೋಲ್ ರೈಲು ನಿಲ್ದಾಣದ ಗೋದಾಮೊಂದರಲ್ಲಿ ಸಿಕ್ಕಿತು. ಮೊದಲ ಸಂಪುಟ 1947ರಲ್ಲಿ ಅಚ್ಚಾಯಿತು, ಆರನೆಯದು ಬರುವಾಗ 1957.

ಇಷ್ಟು ಹೊಗಳಿದ ಮೇಲೆ ಗೊಣಗುವ ಹಕ್ಕೂ ನನಗಿದೆ. ಈ ಚಿತ್ರಗಳ ವಸಾಹತು ಕಾಲದಲ್ಲಿ ಎಲ್ಲರ ಕೈಯಲ್ಲೂ ಬಂದೂಕು. ಟ್ರಾಮು, ಕಾಫಿ ಅಂಗಡಿ, ಅಂಚು ಬಾಗಿದ ಟೊಪ್ಪಿ, ಜಾಜ್ ಸಂಗೀತ, ಮಿತ್ಸುಕೋಶಿ ಎಂಬ ಬಹುಮಹಡಿಯ ಅಂಗಡಿ. ಸೋಲ್‌ಗೆ ಆಗ ಗ್ಯೊಂಗ್‌ಸೊಂಗ್ ಎಂದು ಹೆಸರು. ಆ ನಗರವನ್ನು ಎಷ್ಟು ಚೆಂದವಾಗಿ ಕಟ್ಟುತ್ತಾರೆಂದರೆ ಹೋಗಿ ಇದ್ದುಬಿಡೋಣ ಅನ್ನಿಸಬೇಕು. ಆದರೆ ಆಗಿನ ಬಹುಪಾಲು ಕೊರಿಯನ್ನರು ಗದ್ದೆಯಲ್ಲಿದ್ದರು. 1920ರಿಂದ ಅಕ್ಕಿಯ ಇಳುವರಿ ಹೆಚ್ಚಿಸುವ ಯೋಜನೆ ಬಂತು, ಇಳುವರಿಯೂ ಏರಿತು. ಅದಕ್ಕಿಂತ ವೇಗವಾಗಿ ಅಕ್ಕಿ ಹಡಗೇರಿ ಜಪಾನಿಗೆ ಹೋಯಿತು. ಬೆಳೆದವನ ಬಟ್ಟಲಿಗೆ ಮಂಚೂರಿಯಾದ ನವಣೆ ಬಂತು. ಈ ನವಣೆಯ ಬಟ್ಟಲನ್ನು ಹತ್ತಿರದಿಂದ ತೋರಿಸಿದ ಒಂದು ಜನಪ್ರಿಯ ಚಿತ್ರವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಗುಂಡು ಹಾರುವ ಸದ್ದಿಗೆ ಟಿಕೆಟ್ ಮಾರಾಟವಾಗುತ್ತದೆ, ಗಂಜಿ ಕುದಿಯುವ ಸದ್ದಿಗೆ ಆಗುವುದಿಲ್ಲ.

ಪ್ರೇಕ್ಷಕರೂ ಕೆಲವನ್ನು ಒಪ್ಪುವುದಿಲ್ಲ. 2005ರಲ್ಲಿ ಪಾರ್ಕ್ ಗ್ಯೊಂಗ್-ವೊನ್ ಎಂಬ ವಿಮಾನ ಚಾಲಕಿಯ ಚಿತ್ರ ಬಂದಾಗ, ಜಪಾನಿನ ಬಾವುಟ ಹಿಡಿದು ಹಾರಿದವಳನ್ನು ನಾಯಕಿ ಮಾಡುವುದೇ ಎಂದು ಗದ್ದಲವೆದ್ದಿತು, ಚಿತ್ರ ಮಕಾಡೆ ಮಲಗಿತು. 2017ರಲ್ಲಿ ರ್ಯೂ ಸುಂಗ್-ವಾನ್ ಅವರ ಚಿತ್ರ, ಜಪಾನಿನ ಹಾಶಿಮಾ ದ್ವೀಪದ ಕಲ್ಲಿದ್ದಲು ಗಣಿಯಲ್ಲಿ ಬಲವಂತವಾಗಿ ದುಡಿದ ಕೊರಿಯನ್ನರದು, 2,000ಕ್ಕೂ ಹೆಚ್ಚು ಪರದೆಗಳಲ್ಲಿ ತೆರೆಕಂಡಿತು. ಅಲ್ಲಿ ನಡೆಯದೇ ಇದ್ದ ಸಾಮೂಹಿಕ ಪಲಾಯನವನ್ನು ಚಿತ್ರ ನಡೆಸಿಬಿಟ್ಟಿತು. ಜಪಾನಿಯರಿಗಿಂತ ಕೊರಿಯನ್ ದ್ರೋಹಿಗಳ ಮೇಲೇ ಕಣ್ಣಿಟ್ಟಿತು ಎಂಬ ಟೀಕೆಯೂ ಬಂತು. ಕಾವನ್ನು ತೋರಿಸಲು ಹೋಗಿ ಕೊಡಲಿಯನ್ನೇ ಮರೆತರೆ ಜನ ಸುಮ್ಮನಿರುವುದಿಲ್ಲ.

ನಾನು ರೇಡಿಯೊದಲ್ಲಿ ಮಾತನಾಡುತ್ತಿರುವುದರಿಂದ ಕೊನೆಗೆ ರೇಡಿಯೊದ್ದೇ ಒಂದು ಮಾತು. ಗ್ಯೊಂಗ್‌ಸೊಂಗ್‌ನಲ್ಲಿ ಬಾನುಲಿ ಕೇಂದ್ರ ಶುರುವಾದದ್ದು 1927ರಲ್ಲಿ. ಒಂದೇ ತರಂಗದಲ್ಲಿ ಜಪಾನಿ ಸ್ವಲ್ಪ, ಕೊರಿಯನ್ ಸ್ವಲ್ಪ. 1945ರ ಆಗಸ್ಟ್ 15ರ ಮಧ್ಯಾಹ್ನ 12 ಗಂಟೆಗೆ ಅದೇ ಬಾನುಲಿಯಲ್ಲಿ, ಶರಣಾಗತಿ ಸಾರುವ ಜಪಾನಿನ ಚಕ್ರವರ್ತಿಯ ದನಿ ಕೇಳಿಬಂತು. ಆಸ್ಥಾನದ ಗ್ರಾಂಥಿಕ ಭಾಷೆ, ಮೇಲೆ ಗರಗರ ಸದ್ದು. ಜಪಾನಿ ಚೆನ್ನಾಗಿ ಬಲ್ಲವರಿಗೂ ಅರ್ಧಂಬರ್ಧ ತಿಳಿಯಿತು. ಆ ದಿನ ಬೀದಿಗಳು ಹೆಚ್ಚುಕಡಿಮೆ ಸುಮ್ಮನಿದ್ದವು. ಸಾವಿರಾರು ಜನ ಕೂಗುತ್ತಾ ಹೊರಬಂದದ್ದು ಮರುದಿನ, 16ರಂದು, ಸೊದೆಮುನ್ ಸೆರೆಮನೆಯ ಬಾಗಿಲು ತೆರೆದ ಮೇಲೆ.

15ರ ಮಧ್ಯಾಹ್ನದಿಂದ 16ರ ಬೆಳಗಿನವರೆಗೆ ನಡೆಯುವ ಒಂದು ಚಿತ್ರವನ್ನು ಯಾರಾದರೂ ತೆಗೆದರೆ ನಾನು ಮೊದಲ ಆಟಕ್ಕೇ ಹೋಗುತ್ತೇನೆ. ಬಂದೂಕು ಬೇಡ, ರೈಲು ಬೇಡ. ಒಬ್ಬ ಕೊರಿಯನ್ ಪೊಲೀಸ್ ಪೇದೆ ಕೆಲಸ ಮುಗಿಸಿ ಮನೆಗೆ ಬಂದಿದ್ದಾನೆ. ಸಮವಸ್ತ್ರ ಬಿಚ್ಚಿದ್ದಾನೆ. ಅದನ್ನು ಒಲೆಗೆ ಹಾಕಬೇಕೋ, ಇಸ್ತ್ರಿ ಮಾಡಿಡಬೇಕೋ ಎಂದು ಹೆಂಡತಿ ಕೇಳುತ್ತಿದ್ದಾಳೆ.

ನಮಸ್ಕಾರ.