ಶ್ವಾಸಕೋಶದ ಮೂಲೆಯ ಕಂದು ಚುಕ್ಕೆ

ಭದ್ರಾವತಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಮಳೆ ಬಿಟ್ಟ ಮೇಲೆ ಕೆಸುವಿನ ಎಲೆ ನೋಡಿದ್ದೀರಲ್ಲ? ನೀರು ಗುಂಡಗೆ ಕೂತಿರುತ್ತದೆ, ಹರಡುವುದಿಲ್ಲ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಈ ಎಳೆತ ನಮ್ಮ ಎದೆಯೊಳಗೂ ಇದೆ. ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ. ಅವುಗಳ ಒಳಗೋಡೆ ಯಾವಾಗಲೂ ಒದ್ದೆ. ಬರೀ ನೀರೇ ಆಗಿದ್ದರೆ ಉಸಿರು ಬಿಟ್ಟಾಗೆಲ್ಲ ಚೀಲಗಳು ಮುದುಡಿ ಅಂಟಿಕೊಳ್ಳುತ್ತಿದ್ದವು.

ಅಂಟುವಾಳದ ಕಾಯಿಯನ್ನು ನೀರಲ್ಲಿ ಕಿವುಚಿದರೆ ನೊರೆ ಬರುತ್ತದಲ್ಲ, ಅದು ನೀರಿನ ಈ ಎಳೆತವನ್ನು ಸಡಿಲ ಮಾಡುವುದರಿಂದಲೇ. ನಮ್ಮ ದೇಹವೂ ಅಂಥದ್ದೊಂದನ್ನು ತಯಾರಿಸುತ್ತದೆ. ಹೆಸರು ಸರ್ಫ್ಯಾಕ್ಟೆಂಟ್. ಅದರಲ್ಲಿ ಹೆಚ್ಚುಕಡಿಮೆ ನೂರಕ್ಕೆ 90 ಭಾಗ ಕೊಬ್ಬು, ಉಳಿದದ್ದು ಪ್ರೋಟೀನು. ಮುಖ್ಯವಾದ ಪ್ರೋಟೀನುಗಳು ನಾಲ್ಕು: ಎ, ಬಿ, ಸಿ, ಡಿ. ಹೆಸರಿಡುವುದರಲ್ಲಿ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿಲ್ಲ ನೋಡಿ!

ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಇದು ಸಾಕಷ್ಟು ಇರುವುದಿಲ್ಲ. ಪ್ರತಿ ಉಸಿರಿಗೂ ಎದೆ ಗುಳಿ ಬೀಳುತ್ತದೆ. ಕಾರಣ ಸರ್ಫ್ಯಾಕ್ಟೆಂಟಿನ ಕೊರತೆ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ತೋರಿಸಿಕೊಟ್ಟರು. 1980ರಲ್ಲಿ ಜಪಾನಿನ ಫುಜಿವಾರಾ, ಹಸುವಿನ ಶ್ವಾಸಕೋಶದಿಂದ ತಯಾರಿಸಿದ್ದನ್ನು ಕೂಸುಗಳ ಶ್ವಾಸನಾಳಕ್ಕೇ ಹಾಕಿ ಉಳಿಸಿದ ಸುದ್ದಿ ಪ್ರಕಟಿಸಿದರು.

ನಾನು ಹೇಳಬೇಕೆಂದದ್ದು ಮಾತ್ರ ಒಂದು ಚಿಟಿಕೆ ಗಾತ್ರದ ಸೀಸೆಯ ಬಗ್ಗೆ. ಶಿವಮೊಗ್ಗದ ನಮ್ಮ ಲ್ಯಾಬಿನ ಫ್ರೀಜರಿನಲ್ಲಿದೆ. ಅದರ ಬೆಲೆ ಕೇಳಿ ತೀರ್ಥಹಳ್ಳಿಯ ನಮ್ಮ ಅತ್ತೆ, "ಯಾವ ಕಾಯಿಲೆಗೆ ಮದ್ದು ಮಾರಾಯ್ತಿ ಇದು?" ಎಂದರು. ಮದ್ದಲ್ಲ ಅತ್ತೆ. ರೋಗಿಗೆ ರಿಪೋರ್ಟು ಬರೆಯುವುದಕ್ಕೂ ಅಲ್ಲ. ಸಂಶೋಧನೆಗೆ ಮಾತ್ರ ಎಂದು ಅದರ ಮೇಲೇ ಬರೆದಿದೆ.

ಅದು ಆಂಟಿಬಾಡಿ, ಅಂದರೆ ತನಗೆ ಗುರುತಿರುವ ವಸ್ತುವನ್ನೇ ಹುಡುಕಿ ಅಂಟಿಕೊಳ್ಳುವ ಪ್ರೋಟೀನು. ಸಿ ಪ್ರೋಟೀನಿನ ಒಂದು ತುಣುಕನ್ನು ಮೊಲಕ್ಕೆ ಚುಚ್ಚುತ್ತಾರೆ. ಮೊಲದ ಮೈ ಅದನ್ನು ಹೊರಗಿನದು ಎಂದು ಗುರುತಿಸಿ ಆಂಟಿಬಾಡಿ ತಯಾರಿಸುತ್ತದೆ. ಅದನ್ನು ರಕ್ತದಿಂದ ಬೇರ್ಪಡಿಸುತ್ತಾರೆ. ಇಲ್ಲೊಂದು ಸ್ವಾರಸ್ಯ ಇದೆ. ಪಕ್ವವಾದ ಸಿ ಪ್ರೋಟೀನು ತೀರಾ ಚಿಕ್ಕದು, ಬರೀ 35 ಅಮೈನೋ ಆಮ್ಲ. ಕೊಬ್ಬಿನೊಳಗೆ ಅಡಗಿ ಕೂರುವ ಜಾತಿ. ಅದರ ಮೇಲೆ ಆಂಟಿಬಾಡಿ ಮಾಡುವುದು ಕಷ್ಟ. ಆದರೆ ಜೀವಕೋಶ ಮೊದಲು ಉದ್ದದೊಂದು ಪ್ರೋಟೀನು ಮಾಡಿ, ಆಮೇಲೆ ಕತ್ತರಿಸುತ್ತದೆ. ಕತ್ತರಿಸಿ ಬಿಡುವ ಭಾಗದ ಮೇಲೆ ಮಾಡಿದ ಆಂಟಿಬಾಡಿಯೇ ನಮ್ಮ ಸೀಸೆಯಲ್ಲಿರುವುದು. ಹಾಗಾಗಿ ನಮಗೆ ಕಾಣುವುದು ಅದನ್ನು ತಯಾರಿಸುವ ಕೋಶ; ಬೆಲ್ಲ ಅಲ್ಲ, ಆಲೆಮನೆ!

ಶ್ವಾಸಕೋಶದ ತುಂಡನ್ನು ಮೇಣದಲ್ಲಿ ಕೂರಿಸಿ, ಒಂದು ಮಿಲಿಮೀಟರಿನ ಇನ್ನೂರರಲ್ಲೊಂದು ಪಾಲಿನಷ್ಟು ತೆಳ್ಳಗೆ ಹೆರೆಯುತ್ತೇವೆ. ಗಾಜಿನ ಸ್ಲೈಡಿಗೆ ಅಂಟಿಸಿ, ಮೇಣ ತೆಗೆದು, ಆಂಟಿಬಾಡಿ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡುತ್ತೇವೆ. ಮರುದಿನ, ಮೊಲದ ಆಂಟಿಬಾಡಿಯನ್ನು ಹಿಡಿಯುವ ಇನ್ನೊಂದು ಆಂಟಿಬಾಡಿ. ಅದರ ಬಾಲಕ್ಕೆ ಒಂದು ಕಿಣ್ವ ಕಟ್ಟಿರುತ್ತದೆ. ಬಣ್ಣದ ಪುಡಿಯ ದ್ರಾವಣ ಸುರಿದರೆ ಆ ಕಿಣ್ವ ಇದ್ದಲ್ಲೆಲ್ಲ ಕಂದು.

ಸೀಸೆಯನ್ನು ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಆಂಟಿಬಾಡಿ ಕೆಡುತ್ತದೆ. ಅಪ್ಪೆಮಿಡಿಯ ದೊಡ್ಡ ಭರಣಿಗೆ ದಿನಾ ಕೈ ಹಾಕಲು ಅಮ್ಮ ಬಿಡುತ್ತಿರಲಿಲ್ಲ, ಸಣ್ಣ ಬಾಟಲಿಗೆ ತೆಗೆದಿಡುತ್ತಿದ್ದಳು. ನಾವೂ ಹಾಗೇ ಹನಿಹನಿಯಾಗಿ ಹಂಚಿಟ್ಟುಕೊಳ್ಳುತ್ತೇವೆ. ಆಷಾಢದಲ್ಲಿ ಕರೆಂಟು ಹೋದಾಗ ಮಾತ್ರ ನನ್ನ ಜೀವ ಫ್ರೀಜರಿನ ಹತ್ತಿರವೇ ಇರುತ್ತದೆ.

ಮೊದಲ ಸಲ ನಾನು ಮಾಡಿದ ಸ್ಲೈಡು ಪೂರ್ತಿ ಕಂದು. ಖುಷಿಯಿಂದ ಮೇಡಂಗೆ ತೋರಿಸಿದೆ. ಅವರು ನೋಡಲೇ ಇಲ್ಲ. "ಆಂಟಿಬಾಡಿ ಹಾಕದ ಸ್ಲೈಡ್ ಎಲ್ಲಿ?" ಎಂದರು. ಆ ಸ್ಲೈಡನ್ನೂ ಜೊತೆಗೇ ಮಾಡಿರುತ್ತೇವೆ, ಹೋಲಿಸಿ ನೋಡಲು. ಅದನ್ನು ತಂದು ನೋಡಿದೆ. ಅದೂ ಕಂದು! ಅಲ್ಲಿಗೆ ನನ್ನ ಖುಷಿ ಇಳಿಯಿತು. ಮೊಲದ ಆಂಟಿಬಾಡಿಯೇ ಇಲ್ಲದೆ ಬಣ್ಣ ಬಂದಿದೆ ಎಂದರೆ, ಆ ಬಣ್ಣಕ್ಕೂ ಸಿ ಪ್ರೋಟೀನಿಗೂ ಸಂಬಂಧವಿಲ್ಲ ಅಲ್ವಾ? ಹುಡುಕಿದಾಗ ಗೊತ್ತಾಯಿತು, ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದುವ ಹಂತವನ್ನು ಮರೆತಿದ್ದೆ. ಶ್ವಾಸಕೋಶದ ತುಂಬ ರಕ್ತ. ಕೆಂಪು ರಕ್ತಕಣಗಳು ಆ ಕಿಣ್ವದಂತೆಯೇ ಕೆಲಸ ಮಾಡಿ ಬಣ್ಣ ತರಿಸುತ್ತವೆ. ಮೊದಲೇ ಪೆರಾಕ್ಸೈಡ್ ಹಾಕಿ ಅವನ್ನು ಸುಮ್ಮನಾಗಿಸಬೇಕಿತ್ತು.

ವಾರ ಬಿಟ್ಟು ಮತ್ತೆ ಮಾಡಿದೆ. ಆಂಟಿಬಾಡಿ ಹಾಕದ ಸ್ಲೈಡಿನಲ್ಲಿ, ಕೋಶಗಳು ಕಾಣಲೆಂದು ಕೊನೆಗೆ ಹಾಕುವ ನೀಲಿ ಬಣ್ಣ ಮಾತ್ರ. ಹಾಕಿದ್ದರಲ್ಲಿ ಗಾಳಿಚೀಲದ ಮೂಲೆಗಳಲ್ಲಿ ಮಾತ್ರ, ಅಲ್ಲೊಂದು ಇಲ್ಲೊಂದು, ದುಂಡನೆಯ ಕಂದು ಕೋಶ. ಸರ್ಫ್ಯಾಕ್ಟೆಂಟ್ ಮಾಡುವ ಎರಡನೇ ಬಗೆಯ ಕೋಶಗಳು ಇವೇ. ಚೀಲದ ಗೋಡೆಯಲ್ಲಿ ನೂರಕ್ಕೆ ಐದು ಪಾಲಿನಷ್ಟು ಜಾಗ ಮಾತ್ರ ಇವುಗಳದ್ದು.

ಮೇಡಂ ಎರಡೂ ಸ್ಲೈಡುಗಳನ್ನು ಮೈಕ್ರೋಸ್ಕೋಪಿನಲ್ಲಿ ತುಂಬಾ ಹೊತ್ತು ನೋಡಿದರು. ಆಮೇಲೆ ಕುರ್ಚಿ ಬಿಟ್ಟು ಎದ್ದರು. "ಹ್ಞಾ, ಈಗ ಕೂತ್ಕೊಂಡು ಎಣಿಸು" ಎಂದರು.