ಫ್ಲಿಪ್ಪರ್ ಸೋತಾಗ ಮೊದಲು ಕೈ, ಆಮೇಲೆ ಮೀಟರು

ಎಲ್ಲರಿಗೂ ನಮಸ್ಕಾರ.

ಹಳೆಯ ಪಿನ್‌ಬಾಲ್ ಯಂತ್ರ ತಂದುಕೊಂಡವರು ಮೊದಲ ವಾರದಲ್ಲೇ ಹೇಳುವ ಮಾತೊಂದಿದೆ: "ದೀಪ ಉರಿಯುತ್ತೆ, ಗಂಟೆ ಹೊಡೆಯುತ್ತೆ, ಅಂಕವೂ ಏರುತ್ತೆ, ಆದರೆ ಗುಂಡು ಅರ್ಧ ಹಾದಿ ಹತ್ತಿ ವಾಪಸ್ ಬರುತ್ತೆ." ಗುಂಡನ್ನು ಮೇಲಕ್ಕೆ ಹೊಡೆಯುವ ಫ್ಲಿಪ್ಪರಿಗೆ ಕಸುವಿಲ್ಲದಿದ್ದರೆ ಯಂತ್ರದಲ್ಲಿ ಮಿಕ್ಕಿದ್ದೆಲ್ಲ ಸರಿಯಿದ್ದೂ ಆಟವಿಲ್ಲ. ಇವತ್ತು ಕೆಳಗಿನ ಆ ಎರಡು ಪುಟ್ಟ ತೋಳುಗಳ ಬಗ್ಗೆ ಮಾತ್ರ ಮಾತಾಡುತ್ತೇನೆ.

1947ರವರೆಗೆ ಪಿನ್‌ಬಾಲಿನಲ್ಲಿ ವಿದ್ಯುತ್ ಫ್ಲಿಪ್ಪರ್ ಇರಲಿಲ್ಲ. ಗುಂಡು ಬಿಟ್ಟ ಮೇಲೆ ಯಂತ್ರವನ್ನು ಮೆಲ್ಲಗೆ ಅಲುಗಿಸುವುದೊಂದೇ ಆಡುವವರಿಗಿದ್ದ ದಾರಿ. ಆ ವರ್ಷ ಗಾಟ್ಲೀಬ್ ಕಂಪನಿಗಾಗಿ ಹ್ಯಾರಿ ಮ್ಯಾಬ್ಸ್ ರೂಪಿಸಿದ ಹಂಪ್ಟಿ ಡಂಪ್ಟಿಯಲ್ಲಿ ಆರು ಫ್ಲಿಪ್ಪರ್‌ಗಳಿದ್ದವು, ಪಕ್ಕಕ್ಕೆ ಮೂರರಂತೆ. ಮರುವರ್ಷ ಜೆಂಕೋ ಕಂಪನಿಯ ಟ್ರಿಪಲ್ ಆ್ಯಕ್ಷನ್‌ನಲ್ಲಿ ಸ್ಟೀವ್ ಕಾರ್ಡೆಕ್ ಎರಡನ್ನೇ ಇಟ್ಟು, ಅವನ್ನು ಗುಂಡು ಉರುಳುವ ಹಲಗೆಯ ಕೆಳತುದಿಗೆ ತಂದರು. ಇವತ್ತಿಗೂ ಹೆಚ್ಚಿನ ಯಂತ್ರಗಳ ಕೆಳತುದಿಯಲ್ಲಿರುವುದು ಎರಡು ಫ್ಲಿಪ್ಪರ್‌ಗಳೇ. ಆರು ಜನ ಹೊರುವ ಭಾರವನ್ನು ಇಬ್ಬರು ಹೊರಬೇಕೆಂದರೆ ಆ ಇಬ್ಬರೂ ಗಟ್ಟಿಯಿರಬೇಕಲ್ಲ.

ಫ್ಲಿಪ್ಪರಿನ ಕಾಯಿಲ್, ಅಂದರೆ ಕರೆಂಟ್ ಹರಿದಾಗ ಉಕ್ಕಿನ ಸರಳನ್ನು ಎಳೆದು ತೋಳನ್ನು ಎತ್ತುವ ತಂತಿಯ ಸುರುಳಿ, ಯಂತ್ರದ ಬೇರೆ ಕಾಯಿಲ್‌ಗಳ ಹಾಗಲ್ಲ. ಅದರೊಳಗೆ ಎರಡು ಸುತ್ತುಗಳಿವೆ. ದಪ್ಪ ತಂತಿಯ ಸುತ್ತು ಎತ್ತುವುದಕ್ಕೆ, ಕೂದಲಿನಂಥ ತಂತಿಯ ಸುತ್ತು ಎತ್ತಿದ್ದನ್ನು ಹಿಡಿದಿಡುವುದಕ್ಕೆ. ವಿಲಿಯಮ್ಸ್ ಕಂಪನಿಯ ಎಫ್‌ಎಲ್-11630 ಎಂಬ ಕಾಯಿಲನ್ನೇ ತೆಗೆದುಕೊಳ್ಳಿ. ಎತ್ತುವ ಸುತ್ತಿನ ರೋಧ ಸುಮಾರು 4.7 ಓಮ್, ಹಿಡಿಯುವ ಸುತ್ತಿನದು ಸುಮಾರು 160. 50 ವೋಲ್ಟ್ ಕೊಟ್ಟರೆ ಮೊದಲನೆಯದು 10 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ, ಎರಡನೆಯದಕ್ಕೆ ಒಂದು ಆಂಪಿಯರಿನ ಮೂರನೇ ಒಂದು ಭಾಗವೂ ಬೇಡ. ಅಂದರೆ 500 ವಾಟ್ ಒಂದು ಕಡೆ, 16 ವಾಟ್ ಇನ್ನೊಂದು ಕಡೆ. ಆ 500 ವಾಟ್ ಕಣ್ಣು ಮಿಟುಕಿಸುವಷ್ಟು ಹೊತ್ತು ಹರಿದರೆ ಗುಂಡು ಚಿಮ್ಮುತ್ತದೆ, ಕೆಲವು ಸೆಕೆಂಡು ಹರಿದರೆ ಕಾಯಿಲ್ ಸುಡುತ್ತದೆ.

ಅದು ಹೆಚ್ಚು ಹೊತ್ತು ಹರಿಯದಂತೆ ನೋಡಿಕೊಳ್ಳುವುದು ಎರಡು ಎಲೆಗಳ ಒಂದು ಸ್ವಿಚ್. ನಾವು ಇಓಎಸ್ (ಎಂಡ್ ಆಫ್ ಸ್ಟ್ರೋಕ್) ಅನ್ನುವುದು ಇದನ್ನೇ, ಓಟದ ಕೊನೆಯಲ್ಲಿ ಬಿಡುವ ಸ್ವಿಚ್ಚು. ಫ್ಲಿಪ್ಪರ್ ಕೆಳಗಿದ್ದಾಗ ಇದು ಮುಚ್ಚಿರುತ್ತದೆ. ತೋಳು ಪೂರ್ತಿ ಎದ್ದ ಕ್ಷಣ ಒಳಗಿನ ಲೋಹದ ಕೊಂಡಿ ಒಂದು ಎಲೆಯನ್ನು ತಳ್ಳಿ ಬಿಡಿಸುತ್ತದೆ, ಆಗ ಭಾರಿ ವಿದ್ಯುತ್ ನಿಂತು ಹಿಡಿಯುವ ಸುತ್ತು ಕೆಲಸ ವಹಿಸಿಕೊಳ್ಳುತ್ತದೆ. ಎರಡು ಸುತ್ತನ್ನು ಒಂದರ ಹಿಂದೊಂದು ಜೋಡಿಸಿದ ಯಂತ್ರಗಳೂ ಇವೆ, ಪಕ್ಕಪಕ್ಕ ಜೋಡಿಸಿದವೂ ಇವೆ. ಸ್ವಿಚ್ಚಿನ ಕೆಲಸ ಎರಡರಲ್ಲೂ ಒಂದೇ. ಹಳೆಯ ಫ್ಲಿಪ್ಪರಿನ ಅರ್ಧ ಕಾಯಿಲೆಗಳ ಬೇರು ಈ ಒಂದು ಸ್ವಿಚ್ಚಿನಲ್ಲಿದೆ ಎಂಬುದು ನನ್ನ ಅನುಭವ. ಮಿಕ್ಕರ್ಧ ಬರೀ ಸವೆತ ಮತ್ತು ಉಜ್ಜಾಟ. ವಿದ್ಯುತ್ ಪೂರೈಕೆಯ ಸರದಿ ಎಲ್ಲದರ ಆಮೇಲೆ.

ಇದನ್ನು ಕಲಿಯಲು ನಾನು ಒಂದು ಕಾಯಿಲನ್ನು ಬಲಿ ಕೊಟ್ಟಿದ್ದೇನೆ. ನನ್ನ ಮೊದಲ ಯಂತ್ರದ ಎರಡೂ ಫ್ಲಿಪ್ಪರ್ ಸೋತಿದ್ದವು. ಅಂಥ ಹಲವು ಹಳೆಯ ಯಂತ್ರಗಳ ಟ್ರಾನ್ಸ್‌ಫಾರ್ಮರಿನಲ್ಲಿ ಸ್ವಲ್ಪ ಹೆಚ್ಚು ವೋಲ್ಟೇಜ್ ಕೊಡುವ ಇನ್ನೊಂದು ಕೊಂಡಿ ಇರುತ್ತದೆ. ತಂತಿಯನ್ನು ಅದಕ್ಕೆ ಬೆಸೆದೆ. ಒಡನೆಯೇ ಆಟ ಚುರುಕಾಯಿತು, ನನಗೆ ಬಹಳ ಖುಷಿಯೂ ಆಯಿತು. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಸುಟ್ಟ ವಾರ್ನಿಷಿನ ವಾಸನೆ ಬಂತು. ಹಲಗೆ ಎತ್ತಿ ನೋಡಿದರೆ ಎಡಗಡೆಯ ಕಾಯಿಲಿನ ಮೇಲಿನ ಕಾಗದ ಕಂದಿತ್ತು. ಇಓಎಸ್‌ನ ಎರಡೂ ತುದಿ ಹುಳ ತಿಂದ ಹಲ್ಲಿನ ಹಾಗೆ ಗುಳಿ ಬಿದ್ದು ಕೊನೆಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮೊದಲಿನಿಂದ ಇದ್ದ ದೋಷ ಅದೇ ಗುಳಿ. ವೋಲ್ಟೇಜ್ ಏರಿಸಿ ನಾನು ಆ ಗುಳಿಯನ್ನು ಇನ್ನಷ್ಟು ಬೇಗ ಆಳ ಮಾಡಿದ್ದೆ.

ಹಾಗಾಗಿ ಕ್ರಮ ಹೇಳುತ್ತೇನೆ. ಮೊದಲು ಪ್ಲಗ್ ಕಿತ್ತುಬಿಡಿ. ಯಂತ್ರದ ಸ್ವಿಚ್ ಆರಿಸಿದರೆ ಸಾಲದು, ಆರಿಸಿದ ಮೇಲೂ ಒಳಗೆ ಕೆಲವು ಕಡೆ ಕರೆಂಟ್ ಉಳಿಯುವ ಯಂತ್ರಗಳಿವೆ. ಹಲಗೆ ಎತ್ತುವ ಮೊದಲು ಗುಂಡನ್ನು ಹೊರಗೆ ತೆಗೆಯಿರಿ. ಮರೆತರೆ ಅದು ಹಿಂದಕ್ಕೆ ಉರುಳಿ ಏನನ್ನಾದರೂ ಒಡೆಯುತ್ತದೆ.

ಈಗ ಕಾಯಿಲಿನೊಳಗೆ ಹೋಗಿಬರುವ ಉಕ್ಕಿನ ಪ್ಲಂಜರನ್ನು ಎರಡು ಬೆರಳಲ್ಲಿ ಹಿಡಿದು ನಿಧಾನವಾಗಿ ಒಳಗೆ ತಳ್ಳಿ, ಬಿಡಿ. ಎಲ್ಲೂ ತಡೆಯದೆ ಹೋಗಬೇಕು, ಸ್ಪ್ರಿಂಗಿನ ಎಳೆತಕ್ಕೆ ಸರಕ್ಕನೆ ಬರಬೇಕು. ಮರಳಿನಲ್ಲಿ ಎಳೆದ ಹಾಗೆ ಅನ್ನಿಸಿದರೆ ಅಲ್ಲೇ ರೋಗವಿದೆ. ಪ್ಲಂಜರ್ ಹೊರತೆಗೆದು ತುದಿಯ ಮೇಲೆ ಉಗುರಾಡಿಸಿ. ಸಾವಿರಾರು ಸಲ ಕಾಯಿಲ್ ಸ್ಟಾಪಿಗೆ, ಅಂದರೆ ಪ್ಲಂಜರನ್ನು ತಡೆಯುವ ಲೋಹದ ತುಂಡಿಗೆ, ಬಡಿದು ಬಡಿದು ಆ ತುದಿ ಅಣಬೆಯ ತಲೆಯಂತೆ ಅಗಲವಾಗಿರುತ್ತದೆ, ಅಂಚು ಉಗುರಿಗೆ ತಾಗುತ್ತದೆ. ಆ ಅಂಚೇ ಕಾಯಿಲಿನೊಳಗಿನ ನಳಿಗೆಯನ್ನು, ಅಂದರೆ ಸ್ಲೀವನ್ನು, ಕೆರೆಯುತ್ತಿರುವುದು. ಅರದಿಂದ ಅಂಚನ್ನು ಇಳಿಸಿದರೆ ಸದ್ಯಕ್ಕೆ ನಡೆಯುತ್ತದೆ. ಸರಿಯಾದ ಮದ್ದು ಎಂದರೆ ಪ್ಲಂಜರ್, ಅದನ್ನು ತೋಳಿಗೆ ಸೇರಿಸುವ ಲಿಂಕ್, ಸ್ಲೀವ್, ಸ್ಟಾಪ್ ನಾಲ್ಕನ್ನೂ ಒಟ್ಟಿಗೆ ಬದಲಾಯಿಸುವುದು. ಸ್ಲೀವ್ ಎಷ್ಟು ಎಳೆದರೂ ಕಾಯಿಲಿನಿಂದ ಬರುವುದಿಲ್ಲವೇ? ಹಾಗಾದರೆ ಕಾಯಿಲ್ ಯಾವಾಗಲೋ ಕಾದು ಒಳಗೋಡೆ ಕುಗ್ಗಿದೆ, ಅದನ್ನೂ ಬದಲಿಸಿ.

ಇಲ್ಲಿಗೆ ಎಣ್ಣೆ ಹಾಕಬೇಡಿ. ದಯವಿಟ್ಟು ಹಾಕಬೇಡಿ. ಪ್ಲಂಜರ್ ಒಣಗಿಯೇ ಓಡಬೇಕು. ಎಣ್ಣೆ ಹಾಕಿದ ದಿನ ಚೆನ್ನಾಗಿರುತ್ತದೆ, ಆಮೇಲೆ ಲೋಹದ ಪುಡಿ, ಧೂಳು ಸೇರಿ ಕಪ್ಪು ಅಂಟಾಗುತ್ತದೆ. ಯಾರೋ ಹಿಂದೆಂದೋ ಹಾಕಿದ ಎಣ್ಣೆಯನ್ನು ತೊಳೆಯುವುದರಲ್ಲೇ ನನ್ನ ಎಷ್ಟೋ ಭಾನುವಾರಗಳು ಹೋಗಿವೆ.

ಹಲಗೆಯ ಮೇಲ್ಗಡೆ ತೋಳನ್ನು ಹಿಡಿದು ಮೇಲೆ ಕೆಳಗೆ ಆಡಿಸಿ. ಕೂದಲೆಳೆಯ ಆಟವಾದರೂ ಇರಬೇಕು, ಮುಕ್ಕಾಲು ಮಿಲಿಮೀಟರ್ ಇದ್ದರೆ ಸರಿ. ಇಲ್ಲವೆಂದರೆ ತೋಳು ಬುಶ್ಶಿಗೆ, ಅಂದರೆ ಅದರ ದಂಡ ತಿರುಗುವ ಬಳೆಗೆ, ಉಜ್ಜುತ್ತಿದೆ. ಅಕ್ಕಪಕ್ಕಕ್ಕೆ ಗಡಗಡ ಆಡಿದರೆ ಬುಶ್ ಸವೆದಿದೆ.

ಕೈಗೆ ಎಲ್ಲವೂ ಹಗುರವಾಗಿದ್ದೂ ಆಟದಲ್ಲಿ ಸೋಲುತ್ತಿದ್ದರೆ ಇಓಎಸ್ ನೋಡಿ. ಆ ತುದಿಗಳು ಕಪ್ಪಾಗಿ ಕೂಡಿಕೊಳ್ಳದಿದ್ದರೆ ಕಾಯಿಲಿಗೆ ಸಿಗುವುದು ಬರೀ ಹಿಡಿಯುವ ಸುತ್ತಿನ ಶಕ್ತಿ. ಹಳೆಯ ಯಂತ್ರಗಳಲ್ಲಿ ಇವು ಟಂಗ್‌ಸ್ಟನ್ನಿನವು, ಬಹಳ ಗಟ್ಟಿ. ಸಣ್ಣ ಚಪ್ಪಟೆ ಅರ ನಡುವೆ ಇಟ್ಟು ಎಲೆಗಳನ್ನು ಬೆರಳಲ್ಲಿ ಒತ್ತಿ ಹಿಡಿದು ನಾಲ್ಕೈದು ಸಲ ಎಳೆಯಿರಿ, ಆಮೇಲೆ ಒಂದು ಕಾಗದದ ಚೂರು ಎಳೆದು ಪುಡಿ ತೆಗೆಯಿರಿ. ಉಪ್ಪುಕಾಗದ ಬೇಡ, ಅದರ ಕಣ ಅಲ್ಲೇ ಉಳಿಯುತ್ತದೆ. ಪೆಟ್ಟಿಗೆಯ ಪಕ್ಕದ ಗುಂಡಿಯ ಹಿಂದಿರುವ ಸ್ವಿಚ್ಚಿಗೂ ಇದೇ ಉಪಚಾರ, ಅದನ್ನು ಮರೆಯುವವರೇ ಹೆಚ್ಚು. ಆಮೇಲೆ ಅಂತರ. ತೋಳು ಪೂರ್ತಿ ಎದ್ದಾಗ ತುದಿಗಳ ನಡುವೆ ಎರಡರಿಂದ ಮೂರು ಮಿಲಿಮೀಟರ್ ಬಿಟ್ಟಿರಬೇಕು. ಬೇಗ ಬಿಟ್ಟುಕೊಂಡರೆ ಹೊಡೆತ ಅರ್ಧಕ್ಕೇ ಸಾಯುತ್ತದೆ. ಬಿಡದೇ ಹೋದರೆ ಏನಾಗುತ್ತದೆಂದು ಆಗಲೇ ಹೇಳಿದೆ.

ಈ ಅರದ ಮಾತು ಹಳೆಯ ಯಂತ್ರಗಳಿಗೆ ಮಾತ್ರ. 1992ರ ಸುಮಾರಿಗೆ ವಿಲಿಯಮ್ಸ್ ತಂದ ಫ್ಲಿಪ್‌ಟ್ರಾನಿಕ್ಸ್ ವ್ಯವಸ್ಥೆಯಲ್ಲಿ ಇದೇ ಸ್ವಿಚ್ ಬರೀ ಸುದ್ದಿ ಮುಟ್ಟಿಸುತ್ತದೆ, ತುದಿಗೆ ಚಿನ್ನದ ಲೇಪವಿದೆ. ಅಲ್ಲಿ ಅರ ಎಳೆದರೆ ಸ್ವಿಚ್ಚೇ ಹಾಳು.

ಸದ್ದೂ ಬಹಳ ಹೇಳುತ್ತದೆ. ಗುಂಡಿ ಒತ್ತಿ ಹಿಡಿದಾಗ ಫ್ಲಿಪ್ಪರ್ ಟಕಟಕಟಕ ಎಂದು ಬಡಿದುಕೊಂಡರೆ ಹಿಡಿಯುವ ಸುತ್ತು ಕಡಿದಿದೆ. ತೋಳು ಏಳುತ್ತದೆ, ಇಓಎಸ್ ಬಿಡುತ್ತದೆ, ಹಿಡಿಯುವವರಿಲ್ಲದೆ ಬೀಳುತ್ತದೆ, ಮತ್ತೆ ಏಳುತ್ತದೆ. ಹೊಸ ಕಾಯಿಲ್ ತರುವ ಮುನ್ನ ಹಳೆಯದರ ತಂತಿ ಬೆಸೆಯುವ ಕಿವಿಗಳ ಬಳಿ ಭೂತಗನ್ನಡಿ ಹಿಡಿದು ನೋಡಿ. ಎಷ್ಟೋ ಸಲ ಆ ಕೂದಲಿನಂಥ ತಂತಿ ಬೆಸುಗೆಯ ಹತ್ತಿರವೇ ತುಂಡಾಗಿರುತ್ತದೆ. ಒಂದು ಸುತ್ತು ಬಿಡಿಸಿ, ಲೇಪ ಕೆರೆದು ಬೆಸೆದರೆ ಮುಗಿಯಿತು.

ಎರಡೂ ಒಟ್ಟಿಗೆ ಸತ್ತರೆ ಎರಡಕ್ಕೂ ಸೇರಿದ ಕಡೆ ನೋಡಿ: ಫ್ಯೂಸ್, ಆಟ ಶುರುವಾದಾಗ ಫ್ಲಿಪ್ಪರಿಗೆ ಕರೆಂಟ್ ಬಿಡುವ ರಿಲೇ, ಕನೆಕ್ಟರ್. ಫ್ಯೂಸನ್ನು ಕಣ್ಣಲ್ಲಿ ನೋಡಿ ನಂಬಬೇಡಿ, ಕಿತ್ತು ಮೀಟರಿನಲ್ಲಿ ನೋಡಿ. ಒಂದೇ ಸತ್ತಿದ್ದರೆ ನೀವು ಅದೃಷ್ಟವಂತರು, ಇನ್ನೊಂದು ಪಕ್ಕದಲ್ಲೇ ಕೆಲಸ ಮಾಡುತ್ತಿದೆ. ಅದರ ಎಲೆಗಳ ಬಾಗು, ಸ್ಪ್ರಿಂಗಿನ ಬಿಗಿ, ಕಾಯಿಲಿನ ಓಮು ಎಲ್ಲವನ್ನೂ ಹೋಲಿಸಿ ನೋಡಿ. ಕಾಯಿಲ್ ಬದಲಿಸುವಾಗ ಒಂದು ಎಚ್ಚರ: ಡಿಸಿ ಯಂತ್ರದಲ್ಲಿ ಡಯೋಡಿನ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಭಾಗದ) ಪಟ್ಟಿ ಯಾವ ಕಡೆಗಿತ್ತೋ ಹೊಸದರಲ್ಲೂ ಅದೇ ಕಡೆಗಿರಲಿ. ಎಸಿಯಲ್ಲಿ ಓಡುವ ಹಳೆಯ ಕಾಯಿಲಿಗೆ ಡಯೋಡೇ ಇರಬಾರದು. ಬಿಚ್ಚುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಂಡರೆ ಈ ತಂಟೆಯೇ ಇಲ್ಲ.

ನನ್ನ ಪಕ್ಕದಲ್ಲಿರುವ ಈ ಯಂತ್ರದ ಬಲಗಡೆಯದು ಸರಿಯಿದೆ, ಎಡಗಡೆಯದು ಸೋತಿದೆ. ಗುಂಡು ತೆಗೆದಿದ್ದೇನೆ, ಪ್ಲಗ್ ಇಲ್ಲಿ ನನ್ನ ಕೈಯಲ್ಲಿದೆ. ಮೊದಲು ಬಲಗಡೆಯ ಪ್ಲಂಜರ್ ತಳ್ಳಿ, ಆಮೇಲೆ ಎಡಗಡೆಯದು. ಬನ್ನಿ, ಮುಂದಿನ ಸಾಲಿನವರಿಂದ ಶುರುಮಾಡೋಣ.