ಒಂದನೇ ಕ್ಲಾಸಿನ ಗೋಡೆಗೆ ಕನ್ನಡ ಅಕ್ಷರ | ಕಾಸರಗೋಡಿನ ಇಗರ್ಜಿ ಶಾಲೆಯ ಹೊಸ ವರ್ಷ

ಎಲ್ಲರಿಗೂ ನಮಸ್ಕಾರ. ಇದು ನನ್ನ ಕ್ಲಾಸು. ಏಪ್ರಿಲ್, ಮೇ ಪೂರ್ತಿ ಬೀಗ ಹಾಕಿದ ಕೋಣೆ, ಹಾಗಾಗಿ ಹೀಗಿದೆ. ಗುಡಿಸಿ ಒರೆಸುವ ಭಾಗವನ್ನು ವೀಡಿಯೋದಲ್ಲಿ ಫಾಸ್ಟ್ ಮಾಡಿ ಹಾಕಿದ್ದೇನೆ. ನೀವು ಅದನ್ನು ನೋಡುತ್ತಾ ಇರಿ, ನಾನು ಮಾತಾಡುತ್ತೇನೆ.

ನಮ್ಮದು ಇಗರ್ಜಿಯ, ಅಂದರೆ ಚರ್ಚಿನ, ಐಡೆಡ್ ಶಾಲೆ. ಕಟ್ಟಡ ಇಗರ್ಜಿಯದ್ದು, ಸಂಬಳ ಸರಕಾರದ್ದು, ಮೆನೇಜರ್ ಫಾದರ್. ಕಾಸರಗೋಡು ಜಿಲ್ಲೆಯ ಗಡಿ ಕಡೆಯ ಊರು. ಶಾಲೆಯ ಹೆಸರು ಹೇಳುವುದಿಲ್ಲ, ಮಕ್ಕಳ ಮುಖ ತೋರಿಸುವುದೂ ಇಲ್ಲ. ಅವರ ಅಪ್ಪ ಅಮ್ಮ ನನ್ನನ್ನು ನಂಬಿ ಬಿಟ್ಟು ಹೋಗುತ್ತಾರೆ, ಕ್ಯಾಮೆರಾವನ್ನು ನಂಬಿ ಅಲ್ಲ.

ಕೇರಳದಲ್ಲಿ ಕನ್ನಡ ಶಾಲೆಯಾ ಅಂತ ಬೆಂಗಳೂರು ಕಡೆಯವರು ಪ್ರತಿ ಸಲ ಕೇಳುತ್ತಾರೆ. ಹೌದು, ಇದೆ. 1956ರ ನವೆಂಬರ್ 1ಕ್ಕೆ ರಾಜ್ಯಗಳ ಗಡಿ ಬದಲಾದಾಗ ದಕ್ಷಿಣ ಕನ್ನಡದಿಂದ ಕಾಸರಗೋಡು ಕೇರಳಕ್ಕೆ ಹೋಯಿತು. ಶಾಲೆಗಳು ಇದ್ದಲ್ಲೇ ಉಳಿದವು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಸಿಗುವ ಹಾಗೆ ರಾಜ್ಯಗಳು ನೋಡಿಕೊಳ್ಳಬೇಕು ಅಂತ ಸಂವಿಧಾನದ 350ಎ ವಿಧಿಯಲ್ಲಿದೆ. ಹಾಗಾಗಿ ನಾವು ಯಾರ ದಯೆಯಿಂದಲೂ ಕನ್ನಡ ಕಲಿಸುತ್ತಿಲ್ಲ. ಇದನ್ನು ಇನ್ನೂ ಹೇಳಬೇಕಿತ್ತು, ಆದರೆ ನೆಲ ಒರೆಸಿ ಆಯಿತು, ಬೆಂಚುಗಳನ್ನು ಒಳಗೆ ತರುತ್ತಿದ್ದೇವೆ. ಸಹಾಯಕ್ಕೆ ಬಂದವರು ಪಿ.ಟಿ.ಎ.ಯ, ಅಂದರೆ ಪೋಷಕರ ಮತ್ತು ಟೀಚರುಗಳ ಸಂಘದ, ಇಬ್ಬರು ಅಪ್ಪಂದಿರು.

ಬೆಂಚುಗಳನ್ನು ಯು ಆಕಾರದಲ್ಲಿ ಇಡಿಸಿದ್ದೇನೆ. ಸಾಲಾಗಿ ಇಟ್ಟರೆ ಹಿಂದಿನ ಮಗು ನನ್ನ ಬಾಯಿ ನೋಡುವುದಿಲ್ಲ. ಹೊಸ ಭಾಷೆ ಕಲಿಯುವ ಮಗು ಟೀಚರ ಬಾಯಿ ನೋಡಲೇಬೇಕು. ನಮ್ಮ ಮಕ್ಕಳ ಮನೆಯಲ್ಲಿ ಶಾಲೆಯ ಕನ್ನಡ ಇರುವುದು ಕಡಿಮೆ. ತುಳು, ಕೊಂಕಣಿ, ಬ್ಯಾರಿ, ಮಲಯಾಳಂ, ಮರಾಟಿ, ಹವ್ಯಕ ಎಲ್ಲಾ ಇದೆ. ಅದೆಲ್ಲಾ ಈ ಒಂದು ಕೋಣೆಗೆ ಬಂದು ಕೂತುಕೊಳ್ಳುತ್ತದೆ.

ಈಗ ಗೋಡೆ. ಇದರ ಬಗ್ಗೆ ಜಾಸ್ತಿ ಮಾತಾಡಲಿಕ್ಕಿದೆ.

ಅಕ್ಷರಮಾಲೆಯ ಚಾರ್ಟ್ ತರಲು ಪೇಟೆಗೆ ಹೋಗಿದ್ದೆ. ದೊಡ್ಡ ಸ್ಟೇಷನರಿ ಅಂಗಡಿ, ಶಾಲೆ ಶುರುವಾಗುವ ಸಮಯ, ಒಳಗೆ ಕಾಲಿಡಲು ಜಾಗ ಇಲ್ಲ. ಮಲಯಾಳಂ ಚಾರ್ಟ್ ಇದೆ, ಇಂಗ್ಲಿಷ್ ಇದೆ, ಹಿಂದಿ ಇದೆ, ಅರೇಬಿಕ್ ಇದೆ. ಹಣ್ಣುಗಳದ್ದು, ವಾಹನಗಳದ್ದು, ಡೈನೋಸಾರ್‌ಗಳದ್ದು ಕೂಡ ಇದೆ. ಕನ್ನಡ ಇಲ್ಲ. ಕೇಳಿದರೆ ಆ ಹುಡುಗ ಬಹಳ ಮರ್ಯಾದೆಯಿಂದಲೇ ಹೇಳಿದ, "ಕನ್ನಡದ್ದು ಈಗ ತರಿಸುವುದಿಲ್ಲ ಟೀಚರ್, ಹೋಗುವುದಿಲ್ಲ." ಪಕ್ಕದ ಅಂಗಡಿಯಲ್ಲೂ ಅದೇ ಮಾತು. ನನಗೆ ಅಲ್ಲಿಯೇ ಕಣ್ಣು ತುಂಬಿತು. ಕಾಸರಗೋಡಿನಲ್ಲಿ ಒಂದು ಅ ಆ ಇ ಈ ಸಿಗುವುದಿಲ್ಲ ಅಂದರೆ ಏನು ಅರ್ಥ? ಕೇಳುವವರು ಇಲ್ಲ ಅಂತ ಅವರು ತರಿಸುವುದಿಲ್ಲ. ಸಿಗುವುದಿಲ್ಲ ಅಂತ ನಾವು ಕೇಳುವುದು ಬಿಡುತ್ತೇವೆ. ನೀವು ಈ ಕಡೆಯವರಾದರೆ ದಯವಿಟ್ಟು ಅಂಗಡಿಗೆ ಹೋದಾಗ ಕೇಳಿ. ಬೇಡವಾದರೂ ಕೇಳಿ.

ಆಮೇಲೆ ರೈಲು ಹತ್ತಿ ಮಂಗಳೂರಿಗೆ ಹೋದೆ. ಅಲ್ಲಿ ಬೇಕಾದಷ್ಟಿದೆ. ಒಂದಕ್ಕೆ 60 ರೂಪಾಯಿ, ಪ್ಲಾಸ್ಟಿಕ್, ಬಣ್ಣ ಚೆನ್ನಾಗಿದೆ. ಬಿಡಿಸಿ ನೋಡಿದೆ. ಈ ಅಂದರೆ ಈರುಳ್ಳಿ. ನಮ್ಮಲ್ಲಿ ಅದನ್ನು ನೀರುಳ್ಳಿ ಅನ್ನುತ್ತಾರೆ! ಚಿತ್ರ ನೋಡಿ ಮಗು "ನೀ" ಅನ್ನುತ್ತದೆ, ನಾನು "ಅಲ್ಲ, ಈ" ಅನ್ನಬೇಕು. ಮೊದಲ ವಾರವೇ ಸರಿ ಹೇಳಿದ ಮಗುವಿಗೆ ತಪ್ಪು ಅಂದ ಹಾಗೆ. ಐ ಅಂದರೆ ಐರಾವತ, ಯ ಅಂದರೆ ಯಜ್ಞ. ಐದು ವರ್ಷದ ಮಗು ಯಜ್ಞ ಎಲ್ಲಿ ನೋಡಿದೆ? ಚಾರ್ಟನ್ನು ಸುತ್ತಿ ಅಲ್ಲೇ ಇಟ್ಟು ಬಂದೆ. ಹೋದ ದಾರಿಗೆ ದಂಡ ಆಗಬಾರದು ಅಂತ ಬಿಳಿ ದಪ್ಪ ಹಾಳೆ ಮತ್ತು ಸ್ಕೆಚ್ ಪೆನ್ ತಂದೆ.

ಈಗ ಕಾಣುತ್ತಿರುವುದು ನನ್ನ ಮನೆಯ ಊಟದ ಮೇಜು. ಬಿಡಿಸುತ್ತಿರುವವಳು ನನ್ನ ತಂಗಿಯ ಮಗಳು, ನನಗಿಂತ ಅವಳ ಕೈ ಚೆನ್ನಾಗಿದೆ. ಒಟ್ಟು 49 ಅಕ್ಷರ, 49 ಕಾರ್ಡು. ಅ ಅಡಿಕೆ. ಇ ಇಗರ್ಜಿ, ನಮ್ಮ ಇಗರ್ಜಿಯನ್ನೇ ನೋಡಿ ಬಿಡಿಸಿದ್ದು, ಎದುರಿನ ತೆಂಗಿನ ಮರ ಕೂಡ ಇದೆ. ಈ ಈಜು, ಕೆರೆಯಲ್ಲಿ ಒಬ್ಬ ಹುಡುಗ. ಏ ಏಡಿ. ಬ ಬಸಳೆ. ಮ ಮಳೆ. ಹ ಹಲಸು. ಐ ಅಂದರೆ ಐದು, ಐದು ಬೆರಳು, ಅಷ್ಟೇ. ಣ ಮತ್ತು ಳ ಮೊದಲಲ್ಲಿ ಬರುವ ಶಬ್ದವನ್ನು ಕಷ್ಟಪಟ್ಟು ಹುಡುಕುವುದು ಬೇಡ ಅಂದೆ. ಹಣ, ಬಾಳೆ ಅಂತ ಬರೆದು ಆ ಅಕ್ಷರಕ್ಕೆ ಕೆಂಪು ಬಣ್ಣ ಹಾಕಿದೆವು.

ಯ ಅಕ್ಷರಕ್ಕೆ ಸ್ವಲ್ಪ ಚರ್ಚೆ ಆಯಿತು. ಇಗರ್ಜಿ ಶಾಲೆ ಅಲ್ವಾ, ಯೇಸು ಅಂತ ಹಾಕೋಣ ಅಂದರು ನಮ್ಮ ಸಿಸ್ಟರ್. ನನಗೂ ಆಸೆ ಇತ್ತು. ಆದರೆ ಯೇಸುವಿನಲ್ಲಿ ಇರುವುದು ಯೇ. ಮಗುವಿಗೆ ಮೊದಲು ಕಾಣಬೇಕಾದದ್ದು ಬರೀ ಯ. ಯಕ್ಷಗಾನ ಹಾಕಿದೆವು, ಕಿರೀಟದ ಚಿತ್ರ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಇರುವುದು ಇದೇ ಜಿಲ್ಲೆಯಲ್ಲಿ. ರಾತ್ರಿ ಆಟ ನೋಡುತ್ತಾ ಅಮ್ಮನ ಮಡಿಲಲ್ಲಿ ನಿದ್ದೆ ಮಾಡಿದ ಮಕ್ಕಳು ನಮ್ಮ ಕ್ಲಾಸಿನಲ್ಲಿ ಎಲ್ಲಾ ಜಾತಿಯಲ್ಲೂ ಇದ್ದಾರೆ. ಯೇಸು ಪ್ರಾರ್ಥನೆಯ ಮೂಲೆಯಲ್ಲಿ ಇದ್ದೇ ಇದ್ದಾರೆ, ಅದನ್ನು ಈಗ ತೋರಿಸುತ್ತೇನೆ.

ಅದಕ್ಕೆ ಮೊದಲು ಲ್ಯಾಮಿನೇಶನ್. ಒಂದು ಹಾಳೆಗೆ 30 ರೂಪಾಯಿ ಕೇಳಿದರು. ಹಾಳೆಗೆ ನಾಲ್ಕು ಕಾರ್ಡು, 13 ಹಾಳೆ, 390 ರೂಪಾಯಿ. ಕಾರ್ಡಿಗಿಂತ ಅದರ ಕವರಿಗೆ ಖರ್ಚು ಜಾಸ್ತಿ. ಇದು ಸುಲಿಗೆ ಅಂತ ಮನೆಗೆ ವಾಪಸ್ ತಂದೆ. ಮರುದಿನ ಬೆಳಿಗ್ಗೆ ಮಳೆ. ನಮ್ಮದು ಕೆಂಪುಕಲ್ಲಿನ ಹಳೇ ಗೋಡೆ, ಹಂಚಿನ ಮಾಡು, ಜೂನ್ ತಿಂಗಳಲ್ಲಿ ಗೋಡೆ ಕೈಗೆ ತಣ್ಣಗೆ ಹತ್ತುತ್ತದೆ. ಜುಲೈಗೆ ಕಾಗದ ಮೆತ್ತಗಾಗಿ ಬೂಷ್ಟು ಬರುತ್ತದೆ. ಕೊಟ್ಟೆ 390. ಈಗ ಹೇಳುತ್ತೇನೆ, ಕರಾವಳಿಯ ಟೀಚರುಗಳೇ, ಲ್ಯಾಮಿನೇಶನ್ ಮಾಡಿಸಿ. ಬಣ್ಣದ ಕಾಗದ, ತೋರಣ ಅದಕ್ಕೆಲ್ಲಾ ಹಾಕುವ ದುಡ್ಡನ್ನು ಇದಕ್ಕೆ ಹಾಕಿ. ಸೆಲೋಟೇಪ್ ಈ ಗೋಡೆಗೆ ನಿಲ್ಲುವುದಿಲ್ಲ. ಎರಡು ಮೊಳೆ, ನೈಲಾನ್ ಹಗ್ಗ, ಬಟ್ಟೆ ಒಣಗಿಸುವ ಕ್ಲಿಪ್ಪು. ಮಕ್ಕಳ ಕಣ್ಣಿನ ಎತ್ತರಕ್ಕೆ ಕಟ್ಟಿದ್ದೇನೆ, ನಮ್ಮ ಎತ್ತರಕ್ಕೆ ಅಲ್ಲ. ಅವರು ಮುಟ್ಟಲಿ. ಮುಟ್ಟಲಿಕ್ಕೇ ಇರುವುದು.

ಹಾಂ, ಮೂಲೆ. ಸಣ್ಣ ಮೇಜು, ಶಿಲುಬೆ, ಪವಿತ್ರ ಹೃದಯದ ಪಟ. ಜೂನ್ ಯೇಸುವಿನ ಪವಿತ್ರ ಹೃದಯದ ತಿಂಗಳು, ಹಾಗಾಗಿ ವರ್ಷವನ್ನು ಅದರಿಂದಲೇ ಶುರು ಮಾಡುತ್ತೇವೆ. ಕೆಳಗಿನ ಬಟ್ಟೆಯ ಬಣ್ಣ ಪೂಜೆಯ ಕಾಲಕ್ಕೆ ಸರಿಯಾಗಿ ಬದಲಾಗುತ್ತದೆ. ಪಾಸ್ಕ, ಅಂದರೆ ಈಸ್ಟರ್ ಕಾಲಕ್ಕೆ ಬಿಳಿ, ಪವಿತ್ರಾತ್ಮನ ಹಬ್ಬವಾದ ಪೆಂತಕೋಸ್ತಿಗೆ ಕೆಂಪು, ಆಮೇಲೆ ಸಾಮಾನ್ಯ ಕಾಲದ ಹಸಿರು, ಅದು ತುಂಬಾ ದಿನ ಇರುತ್ತದೆ. ಹೊರಗೆ ಗದ್ದೆಯೂ ಹಸಿರು. ಬಟ್ಟೆ ಬದಲಾಯಿಸುವ ಕೆಲಸ ಮಕ್ಕಳಿಗೇ ಕೊಡುತ್ತೇನೆ. ಮುಸ್ಲಿಂ ಮಗು, ಹಿಂದೂ ಮಗು ಕೂಡ ಇಷ್ಟಪಟ್ಟು ಕೈ ಹಾಕುತ್ತದೆ, ಆದರೆ ಯಾರನ್ನೂ ನಾನು ಕರೆದು ಮಾಡಿಸುವುದಿಲ್ಲ.

ಇದನ್ನು ಸ್ಪಷ್ಟವಾಗಿ ಹೇಳಬೇಕು. ನನ್ನ ಕ್ಲಾಸಿನಲ್ಲಿ ಕ್ರೈಸ್ತ ಮಕ್ಕಳು ಕಡಿಮೆ, ಬೇರೆಯವರೇ ಜಾಸ್ತಿ. ಸರಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಮಗುವನ್ನು ಧರ್ಮಬೋಧನೆಗೆ ಕೂರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು, ಸಂವಿಧಾನದ 28ನೇ ವಿಧಿಯಲ್ಲಿ ಇದೆ. ಕಾನೂನು ಇಲ್ಲದಿದ್ದರೂ ನಾನು ಹಾಗೆಯೇ ಮಾಡುತ್ತಿದ್ದೆ. ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ ಇರುವ ಹೊತ್ತಿಗೆ ಬೇರೆ ಮಕ್ಕಳಿಗೆ ನೀತಿ ಪಾಠ. ಬೆಳಗಿನ ಪ್ರಾರ್ಥನೆಯಲ್ಲಿ ಶಿಲುಬೆಯ ಗುರುತು ಹಾಕುವವರು ಹಾಕುತ್ತಾರೆ, ಉಳಿದವರು ಕೈ ಮುಗಿದು ನಿಲ್ಲುತ್ತಾರೆ, ಒಂದು ನಿಮಿಷ ಎಲ್ಲರೂ ಸುಮ್ಮನಿರುತ್ತಾರೆ. ನನಗೆ ಆ ಒಂದು ನಿಮಿಷ ಬಹಳ ಮುಖ್ಯ. ಇಗರ್ಜಿ ಶಾಲೆ ಅಂದರೆ ಮತಾಂತರ ಅಂತ ಯಾರೋ ಎಲ್ಲೋ ಕೂತು ಹೇಳುತ್ತಾರೆ. ಬಂದು ಒಂದು ದಿನ ಕ್ಲಾಸಿನಲ್ಲಿ ಕೂರಲಿ.

ಮೇಜಿನ ಮೇಲೆ ಎರಡು ಫೋಟೋ ಕಾಣುತ್ತಿದೆಯಲ್ಲಾ. ಒಂದು ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್. 1651ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಪಾದ್ರಿ, ಬಡ ಮಕ್ಕಳಿಗೆ ಶಾಲೆ ಕಟ್ಟಿದವರು. ಆಗ ಅಲ್ಲಿ ಮಕ್ಕಳಿಗೆ ಮೊದಲು ಲ್ಯಾಟಿನ್ ಓದಿಸುತ್ತಿದ್ದರು. ಬೇಡ, ಅವರ ಮಾತಾದ ಫ್ರೆಂಚಿನಲ್ಲೇ ಓದು ಶುರುವಾಗಲಿ ಅಂದವರು ಇವರು. 1950ರಲ್ಲಿ ಹನ್ನೆರಡನೇ ಪಿಯುಸ್ ಪೋಪರು ಇವರನ್ನು ಶಿಕ್ಷಕರ ಪಾಲಕ ಸಂತ ಅಂತ ಸಾರಿದರು. ಇನ್ನೊಂದು ನಮ್ಮ ಮಂಜೇಶ್ವರದ ಗೋವಿಂದ ಪೈಗಳು. ಮನೆಮಾತು ಕೊಂಕಣಿ, ಬರೆದದ್ದು ಕನ್ನಡ. ಯೇಸುವಿನ ಕೊನೆಯ ದಿನದ ಮೇಲೆ ಕನ್ನಡದಲ್ಲಿ ಕಾವ್ಯ ಬರೆದವರು, ಕ್ರೈಸ್ತರಲ್ಲ. 1949ರಲ್ಲಿ ಮದ್ರಾಸ್ ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು. ಈ ಇಬ್ಬರು ಒಂದೇ ಮೇಜಿನ ಮೇಲೆ ಇರಬೇಕು ಅಂತ ನನಗೆ ಹಟ. ಮನೆಯಲ್ಲಿ ಬೇರೆ ಭಾಷೆ, ಶಾಲೆಯಲ್ಲಿ ಕನ್ನಡ ಎಂದು ಚಿಂತೆ ಮಾಡುವ ಅಮ್ಮಂದಿರಿಗೆ ನಾನು ಪೈಗಳನ್ನು ತೋರಿಸುತ್ತೇನೆ. ಅಯ್ಯೋ, ಫೋಟೋದ ಶಾಟ್ ಮುಗಿದೇ ಹೋಯಿತು. ಮುಂದೆ ಹೋಗೋಣ.

ಪ್ರವೇಶೋತ್ಸವದ ದಿನ, ಅಂದರೆ ಹೊಸ ಮಕ್ಕಳನ್ನು ಬರಮಾಡಿಕೊಳ್ಳುವ ಮೊದಲ ದಿನ. ಬೆಳಿಗ್ಗೆ ನಾವು ಟೀಚರುಗಳು ಪೂಜೆ ಮುಗಿಸಿ ಬಂದೆವು, ಪವಿತ್ರಾತ್ಮನ ಸಹಾಯ ಕೇಳಿ ವರ್ಷ ಶುರು ಮಾಡುವುದು ನಮ್ಮಲ್ಲಿ ರೂಢಿ. ಫಾದರ್ ಕ್ಲಾಸಿಗೆ ಬಂದು ಆಶೀರ್ವಾದ ಮಾಡಿ ಹೋದರು. ಬಲೂನು ಬೇಡ ಅಂತ ನಾನು ಮೀಟಿಂಗಿನಲ್ಲಿ ಗಟ್ಟಿಯಾಗಿ ಹೇಳಿದ್ದೆ, ಪ್ಲಾಸ್ಟಿಕ್, ಕಸ, ದಂಡ ಅಂತ. ನೋಡಿ, ಬಲೂನು ಬಂದಿದೆ. ಅದು ಕೈಗೆ ಸಿಕ್ಕಿದ ಕೂಡಲೇ ಅಳು ನಿಂತ ಮಕ್ಕಳನ್ನೂ ನೋಡಿದೆ. ಸರಿ, ಮಗುವಿಗೆ ಒಂದು ಬಲೂನು ಇರಲಿ. ತೋರಣಕ್ಕೆ ಬೇಡ, ಅದರಲ್ಲಿ ನಾನು ಬದಲಾಗುವುದಿಲ್ಲ.

ಅಳುವವರು ಇದ್ದೇ ಇರುತ್ತಾರೆ. ಒಬ್ಬ ಬಾಗಿಲ ದಾರಂದ ಹಿಡಿದು "ಎಂಕ್ ಇಲ್ಲಡೆ ಪೋವೊಡು" ಅಂತ ಒಂದೇ ಸಮನೆ. ಮನೆಗೆ ಹೋಗಬೇಕಂತೆ. ನಾನು ಅವನ ಹತ್ತಿರ ತುಳುವಿನಲ್ಲೇ ಮಾತಾಡಿದೆ. ಶಾಲೆಯಲ್ಲಿ ಕನ್ನಡವೇ ಮಾತಾಡಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಮೊದಲ ತಿಂಗಳು ಬಿಡಿ. ಮಗುವಿನ ಮಾತಿಗೆ ಉತ್ತರ ಸಿಕ್ಕಿದರೆ ಅದು ನಿಮ್ಮ ಮಾತನ್ನು ಕೇಳುತ್ತದೆ. ಮಧ್ಯಾಹ್ನ ಅವನು ತಾನೇ ಹೋಗಿ ಏಡಿಯ ಕಾರ್ಡು ಮುಟ್ಟಿ "ದೆಂಜಿ" ಅಂದ. ನಾನು ಏಡಿ ಅಂದೆ. ಅವನೂ ಏಡಿ ಅಂದ. ತಿದ್ದಲಿಲ್ಲ, ಎರಡೂ ಇರಲಿ.

ಈ ಶಾಟ್ ಕೊಡೆಗಳದ್ದು. ಎಲ್ಲರದ್ದೂ ಒಂದೇ ರೀತಿಯ ಕಾರ್ಟೂನ್ ಕೊಡೆ, ಸಂಜೆ ಬಾಗಿಲಲ್ಲಿ ಜಗಳ. ಅಮ್ಮಂದಿರೇ, ಹಿಡಿಗೆ ಬಣ್ಣದ ಬಟ್ಟೆ ತುಂಡು ಕಟ್ಟಿ ಕಳಿಸಿ. ಹೆಸರು ಬರೆದರೆ ಪ್ರಯೋಜನ ಇಲ್ಲ, ಅವರಿಗೆ ಇನ್ನೂ ಓದಲು ಬರುವುದಿಲ್ಲ. ಇನ್ನೊಂದು ಜೊತೆ ಚಡ್ಡಿ ಚೀಲದಲ್ಲಿ ಇರಲಿ, ಮಳೆಗಾಲ. ಬುತ್ತಿ ಬೇಕಾಗಿಲ್ಲ, ಊಟ ಇಲ್ಲೇ, ವಾರಕ್ಕೆ ಎರಡು ಸಲ ಹಾಲು, ಒಂದು ಸಲ ಮೊಟ್ಟೆ ಇದೆ.

ಇನ್ನು ಎಲ್ಲಾ ಟೀಚರುಗಳ ತಲೆಯಲ್ಲಿ ಇರುವುದು ಆರನೇ ದಿನ. ಕೇರಳದಲ್ಲಿ ಶಾಲೆ ಶುರುವಾಗಿ ಆರನೇ ಕೆಲಸದ ದಿನ ಇರುವ ಮಕ್ಕಳ ಲೆಕ್ಕದ ಮೇಲೆ ಒಂದು ತರಗತಿಗೆ ಎಷ್ಟು ಡಿವಿಜನ್, ಎಷ್ಟು ಟೀಚರ್ ಹುದ್ದೆ ಎಲ್ಲಾ ತೀರ್ಮಾನ ಆಗುತ್ತದೆ. ಒಂದು ಕ್ಲಾಸಿಗೆ ಸರಾಸರಿ 15 ಮಕ್ಕಳಿಲ್ಲದ ಶಾಲೆಗೆ ಅನ್‌ಇಕನಾಮಿಕ್ ಅಂತ ಹೆಸರು. ಲಾಭ ಇಲ್ಲದ ಶಾಲೆ ಅಂತ. ಈ ಶಬ್ದ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹತ್ತು ಮಕ್ಕಳು ಓದು ಕಲಿತರೆ ಅದು ಯಾರಿಗೆ ನಷ್ಟ?

ಒಂದು ಹೆಣ್ಣು ಮಗುವಿನ ಹೆಸರು ರಿಜಿಸ್ಟರಿನಲ್ಲಿದೆ, ಎರಡು ದಿನದಿಂದ ಬಂದಿಲ್ಲ. ಜ್ವರ ಅಂತ ಕೆಲವರು, ಇಂಗ್ಲಿಷ್ ಮೀಡಿಯಂಗೆ ಸೇರಿಸುತ್ತಾರೆ ಅಂತ ಕೆಲವರು. ಈಗ ಆ ಮನೆಗೇ ಹೊರಟಿದ್ದೇನೆ, ಸಿಸ್ಟರ್ ಕೂಡ ಬರುತ್ತಿದ್ದಾರೆ. ತೋಟದ ಒಳಗಿನ ದಾರಿ, ಸಂಕ, ಅಂದರೆ ಸಣ್ಣ ಸೇತುವೆ, ದಾಟಬೇಕು, ಮಳೆ ಜೋರಾಗುತ್ತಿದೆ. ಅವರ ಮನೆಯಲ್ಲಿ ಕ್ಯಾಮೆರಾ ಹಿಡಿಯುವುದು ಸರಿಯಲ್ಲ, ಹಾಗಾಗಿ ಇಲ್ಲಿಗೆ ಆಫ್ ಮಾಡುತ್ತೇನೆ.